ಸೇಲಂನ ಟಿಟುಬಾ ಮತ್ತು ಸಕ್ಕರೆಯ ಹಡಗುಗಳು

ಸೇಲಂ ಎಂದೊಡನೆ ನಮಗೆ ನೆನಪಾಗುವುದು ಪಕ್ಕದ ತಮಿಳುನಾಡಿನ ಊರು. ನಾನು ಈಗ ಹೇಳಹೊರಟಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಲಂ ಬಗ್ಗೆ. ಅಲ್ಲಿ 1692ರಲ್ಲಿ ಮಾಟದ ಆರೋಪ ಹೊರಿಸಿ 19 ಜನರನ್ನು ನೇಣಿಗೇರಿಸಿದರು. ಅವರಲ್ಲಿ 14 ಮಂದಿ ಹೆಂಗಸರು. ಗೈಲ್ಸ್ ಕೋರಿ ಎಂಬ ಮುದುಕನನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಇದನ್ನು ಬರೀ ಮೂಢನಂಬಿಕೆಯ ಕಥೆಯಾಗಿ ಹೇಳುವ ರೂಢಿಯಿದೆ. ಆದರೆ ಸಕ್ಕರೆ, ಒಣಮೀನು, ಗುಲಾಮರ ವ್ಯಾಪಾರವನ್ನು ಬದಿಗಿಟ್ಟರೆ, ಮೊದಲು ಸೆರೆಯಾದವರಲ್ಲಿ ಒಬ್ಬಳಾದ ಟಿಟುಬಾಳ ಪಾಡು ನಮಗೆ ಅರ್ಥವಾಗದು.

ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರು ನೆಲೆಯೂರಿದ್ದು 1627ರಲ್ಲಿ. 1640ರ ದಶಕದಿಂದ ಅಲ್ಲಿ ಕಬ್ಬೇ ಕಬ್ಬು. ದುಡಿಯಲು ಆಫ್ರಿಕದಿಂದ ಗುಲಾಮರನ್ನು ತಂದರು. ನೆಲವೆಲ್ಲ ಕಬ್ಬಿಗೆ ಹೋದ ಮೇಲೆ ಉಣ್ಣುವುದಕ್ಕೂ ಮರಮಟ್ಟಿಗೂ ಹೊರಗಿನವರನ್ನೇ ನೆಚ್ಚಬೇಕಾಯಿತು. ಸೇಲಂ, ಬಾಸ್ಟನ್ ಬಂದರುಗಳಿಂದ ಹಲಗೆ, ಪೀಪಾಯಿಯ ಪಟ್ಟಿಗಳು, ಕುದುರೆ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು ಹೋಗುತ್ತಿದ್ದವು. ಒಳ್ಳೆಯ ಮೀನು ಯುರೋಪಿನ ಪೇಟೆಗೆ. ಬೇರೆಲ್ಲೂ ಬಿಕರಿಯಾಗದ ಕಳಪೆ ಮೀನು ಗುಲಾಮರ ಹೊಟ್ಟೆಗೆ. ಮರಳುವಾಗ ಸಕ್ಕರೆ, ಕಾಕಂಬಿ, ಕೆಲವೊಮ್ಮೆ ಮನುಷ್ಯರು. 'ಡಿಸೈರ್' ಎಂಬ ಹಡಗು ಯುದ್ಧದಲ್ಲಿ ಸೆರೆಸಿಕ್ಕ ಪೀಕ್ವಾಟ್ ಮೂಲನಿವಾಸಿಗಳನ್ನು ಕೆರಿಬಿಯನ್ ಕಡೆಗೆ ಸಾಗಿಸಿ, 1638ರಲ್ಲಿ ಹತ್ತಿ, ತಂಬಾಕು, ಉಪ್ಪಿನ ಜೊತೆಗೆ ಆಫ್ರಿಕನ್ನರನ್ನೂ ತುಂಬಿಕೊಂಡು ಬಾಸ್ಟನ್ನಿಗೆ ಬಂತು. ಅಂದಿನ ಗವರ್ನರ್ ಜಾನ್ ವಿಂತ್ರಾಪ್ ಇದನ್ನು ತನ್ನ ದಿನಚರಿಯಲ್ಲಿ ಸರಕಿನ ಲೆಕ್ಕದಂತೆಯೇ ಬರೆದಿಟ್ಟಿದ್ದಾನೆ.

ಸ್ಯಾಮ್ಯುಯೆಲ್ ಪ್ಯಾರಿಸ್ ಈ ವ್ಯಾಪಾರದ ಕೂಸು. ಅವನ ಮನೆತನಕ್ಕೆ ಬಾರ್ಬಡೋಸ್‌ನಲ್ಲಿ ಕಬ್ಬಿನ ತೋಟವಿತ್ತು. ಬಾಸ್ಟನ್ನಿನಲ್ಲಿ ವ್ಯಾಪಾರ ಮಾಡಿ, 1689ರಲ್ಲಿ ಸೇಲಂ ಹಳ್ಳಿಯ ಪಾದ್ರಿಯಾದ. ಟಿಟುಬಾ ಅವನ ಮನೆಯ ಗುಲಾಮಳು. ಮನೆಯ ಇಬ್ಬರು ಹುಡುಗಿಯರು ಮೈಮೇಲೆ ಬಂದವರಂತೆ ಆಡತೊಡಗಿದಾಗ, ಪರಿಹಾರ ಸೂಚಿಸಿದವಳು ನೆರೆಯ ಇಂಗ್ಲಿಷ್ ಗೃಹಿಣಿ ಮೇರಿ ಸಿಬ್ಲಿ. ಹುಡುಗಿಯರ ಮೂತ್ರದಲ್ಲಿ ರೈ ಹಿಟ್ಟು ಕಲಸಿ ಸುಟ್ಟು ನಾಯಿಗೆ ತಿನ್ನಿಸುವ ಈ ತಂತ್ರ ಇಂಗ್ಲೆಂಡಿನದೇ. ಸಿಬ್ಲಿ ಚರ್ಚಿನಲ್ಲಿ ಕ್ಷಮೆ ಕೇಳಿದಳು, ಅಲ್ಲಿಗೆ ಮುಗಿಯಿತು. ಆದರೆ ಟಿಟುಬಾಳ ಮೇಲೆ ಮಾಟದ ಆರೋಪ ಹೊರಿಸಿ 1692ರ ಫೆಬ್ರವರಿ 29ರಂದೇ ವಾರಂಟ್ ಹೊರಟಿತ್ತು. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ವಿಚಾರಣೆಯಲ್ಲಿ ಅವಳು ಮೊದಲು ಇಲ್ಲವೆಂದಳು, ಆಮೇಲೆ ಒಪ್ಪಿಕೊಂಡಳು. ಕಪ್ಪು ಬಟ್ಟೆಯವನು, ಹಳದಿ ಹಕ್ಕಿ, ಒಂಬತ್ತು ಗುರುತುಗಳಿರುವ ಪುಸ್ತಕ, ಹೀಗೆ ಕೇಳುವವರ ಭಯಕ್ಕೆ ಒಪ್ಪುವ ಉತ್ತರಗಳನ್ನೇ ಕೊಟ್ಟಳು. ಯಜಮಾನನೇ ಹೊಡೆದು ಹೇಳಿಸಿದನೆಂದು ಅವಳು ಹೇಳಿದ್ದನ್ನು ರಾಬರ್ಟ್ ಕೇಲೆಫ್ ಎಂಬ ವ್ಯಾಪಾರಿ 1700ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಒಂಬತ್ತು ಗುರುತುಗಳೆಂದರೆ ಒಂಬತ್ತು ಜನ ಮಾಟಗಾರರು ಎಂದಾಯಿತು. ಉಳಿದವರ ಹುಡುಕಾಟ ಶುರುವಾಯಿತು. ಆರೋಪಕ್ಕೆ ಗುರಿಯಾದವರು 150 ದಾಟಿದರು. ಬಾರ್ಬಡೋಸ್‌ನಿಂದ ಬಂದ ಕ್ಯಾಂಡಿ ಎಂಬ ಗುಲಾಮಳೂ ಅವರಲ್ಲಿದ್ದಳು. ತನ್ನ ದೇಶದಲ್ಲಿ ತಾನು ಮಾಟಗಾತಿಯಾಗಿರಲಿಲ್ಲ, ಇಲ್ಲಿ ಯಜಮಾನಿಯೇ ಹಾಗೆ ಮಾಡಿದಳು ಎಂದು ಅವಳು ನ್ಯಾಯಾಧೀಶರ ಮುಂದೆಯೇ ಹೇಳಿದಳು.

1693ರ ಮೇ ತಿಂಗಳಲ್ಲಿ ಟಿಟುಬಾಳ ಮೇಲಿನ ಆರೋಪ ಬಿದ್ದುಹೋಯಿತು. ಆದರೂ ಬಿಡುಗಡೆಯಿಲ್ಲ, ಏಕೆಂದರೆ ಆಗಿನ ಕೈದಿಗಳು ತಿಂದ ಅನ್ನಕ್ಕೂ ತೊಟ್ಟ ಬೇಡಿಗೂ ತಾವೇ ಹಣ ಕಟ್ಟಬೇಕಿತ್ತು. ಪ್ಯಾರಿಸ್ ಕಟ್ಟಲಿಲ್ಲ. ಕೊನೆಗೆ ಆ ಬಾಕಿ ತೀರಿಸಿದವನಿಗೆ ಅವಳನ್ನು ಮಾರಿದರು. 1711ರಲ್ಲಿ ಸರ್ಕಾರ ಶಿಕ್ಷೆಗೊಳಗಾದವರ ಕುಟುಂಬಗಳಿಗೆ 578 ಪೌಂಡ್ 12 ಶಿಲ್ಲಿಂಗ್ ಪರಿಹಾರ ಮಂಜೂರು ಮಾಡಿತು. ಆ ಪಟ್ಟಿಯಲ್ಲಿ ಟಿಟುಬಾಳ ಹೆಸರಿರಲಿಲ್ಲ.