ನಿಧಾನವಾಗಿ ಬೆಳೆಯುವ ಕೂಸು



ಇಂದಿನ ನನ್ನ ಮಾತು ಕೆಲವೇ ತಾಯಿತಂದೆಯರಿಗೆ. ಓರಗೆಯ ಮಕ್ಕಳು ಓಡಾಡುತ್ತಿರುವಾಗ ನಿಮ್ಮ ಕೂಸು ಇನ್ನೂ ಕುಳಿತಿಲ್ಲ. ಅವು ಮಾತಾಡುತ್ತಿರುವಾಗ ನಿಮ್ಮದು ಇನ್ನೂ 'ಅವ್ವ' ಎಂದಿಲ್ಲ. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಬಲ್ಲವರಿಂದ ಕೇಳಿದ್ದನ್ನೂ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲು ಮನೆಯವರೆಲ್ಲ ಒಂದು ಮಾತು ಒಪ್ಪಿಕೊಳ್ಳಬೇಕು. ಇದು ಹೆತ್ತವಳ ತಪ್ಪಲ್ಲ. ಬಸುರಿಯಿದ್ದಾಗ ಗ್ರಹಣ ನೋಡಿದಳು, ಅವಳ ಕಾಲ್ಗುಣ ಸರಿಯಿಲ್ಲ ಎಂದು ಸೊಸೆಯನ್ನು ಹಳಿಯುವವರು ಇಂದಿಗೂ ಇದ್ದಾರೆ. ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಹೆರಿಗೆಯ ವೇಳೆ ಕೂಸಿಗೆ ಉಸಿರು ಕಟ್ಟುವುದು, ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ, ಕಿವಿ ಕೇಳಿಸದಿರುವುದು, ಡೌನ್ ಸಿಂಡ್ರೋಮಿನಂಥ ಹುಟ್ಟುಸ್ಥಿತಿ, ಹೀಗೆ ಕಾರಣಗಳು ಹಲವು. ಎಷ್ಟೋ ಸಲ ಕಾರಣ ಗೊತ್ತಾಗುವುದೇ ಇಲ್ಲ. ದೂರುವುದಕ್ಕೆ ಖರ್ಚಾಗುವ ಶಕ್ತಿ ಕೂಸಿನ ಪಾಲಾಗಲಿ.

ಎರಡನೆಯದಾಗಿ, ಕಾಯುತ್ತ ಕೂರಬೇಡಿ. ಸಾಮಾನ್ಯವಾಗಿ ಕೂಸು 4 ತಿಂಗಳ ಹೊತ್ತಿಗೆ ಕತ್ತು ನಿಲ್ಲಿಸುತ್ತದೆ. 9 ತಿಂಗಳ ಹೊತ್ತಿಗೆ ಆಸರೆಯಿಲ್ಲದೆ ಕೂರುತ್ತದೆ. ಒಂದೂವರೆ ವರ್ಷದೊಳಗೆ ನಡೆಯುತ್ತದೆ. 2 ವರ್ಷಕ್ಕೆ 'ಅವ್ವ ಬಾ' ಎಂದು ಎರಡು ಮಾತು ಕೂಡಿಸುತ್ತದೆ. ಸ್ವಲ್ಪ ಹಿಂದೆಮುಂದೆ ಆಗುವುದುಂಟು. ಆದರೆ ಈ ಗಡಿ ದಾಟಿದರೆ ತೋರಿಸಲೇಬೇಕು. "ಇವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟದ್ದು" ಎಂದು ಅಜ್ಜಿ ಹೇಳಬಹುದು, ಅದು ನಿಜವೂ ಇರಬಹುದು. ಆದರೂ ತೋರಿಸಿದರೆ ಹೋಗುವುದು ಒಂದು ದಿನದ ಕೂಲಿ, ತೋರಿಸದಿದ್ದರೆ ಹೋಗುವುದು ಮರಳಿ ಬಾರದ ಕಾಲ. ಥೈರಾಯ್ಡ್ ಕೊರತೆಗೆ ಹುಟ್ಟಿದ ಕೆಲವು ವಾರಗಳಲ್ಲೇ ಮಾತ್ರೆ ಆರಂಭಿಸಿದರೆ ಬುದ್ಧಿ ಕುಂದುವುದನ್ನು ತಡೆಯಬಹುದು. ಮಂದಬುದ್ಧಿ ಎನಿಸಿಕೊಂಡ ಕೂಸಿಗೆ ಕಿವಿಯಷ್ಟೇ ಕೇಳಿಸದಿರಬಹುದು.

ಎಲ್ಲಿಗೆ ಹೋಗಬೇಕು? ಅಂಗನವಾಡಿ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಮೊದಲು ಕೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ ಮುಂದಿನ ಆಸ್ಪತ್ರೆಗೆ ಕಳಿಸುವ ಏರ್ಪಾಡಿದೆ. ಮಂಡಲದ ಶಿಕ್ಷಣ ಕಚೇರಿಯಲ್ಲಿ 'ಭವಿತ' ಕೇಂದ್ರದ ಬಗ್ಗೆ ವಿಚಾರಿಸಿ. ವೈಕಲ್ಯವಿದೆಯೆಂದು ವೈದ್ಯರು ಹೇಳಿದರೆ ಪ್ರಮಾಣಪತ್ರ ಮಾಡಿಸಲು ನಾಚಬೇಡಿ. ಆಂಧ್ರ ಸರ್ಕಾರ 2024ರಲ್ಲಿ ವಿಕಲಾಂಗರ ಪಿಂಚಣಿಯನ್ನು ತಿಂಗಳಿಗೆ 6,000 ರೂಪಾಯಿಗೆ ಏರಿಸಿತು. ಕಾಗದ ಕೈಯಲ್ಲಿದ್ದವರಿಗೇ ಇಂಥ ನೆರವು. ಇದು ನಾನು ಕೌಂಟರಿನ ಹಿಂದೆ ಕುಳಿತು ಕಲಿತ ಪಾಠ.

ನಮ್ಮ ಚಿಪ್ಪಗಿರಿ 1755ರಲ್ಲಿ ವಿಜಯದಾಸರು ದೇಹವಿಟ್ಟ ಊರು. ಅವರ ಕಟ್ಟೆಗೆ ಹರಕೆ ಹೊತ್ತು ಬರುವವರನ್ನು ತಡೆಯಲು ನಾನು ಯಾರು? ಹರಕೆ ಇರಲಿ. ಕಟ್ಟೆಯಿಳಿದ ಮೇಲೆ ಆಸ್ಪತ್ರೆಯ ದಾರಿಯನ್ನೂ ಹಿಡಿಯಿರಿ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಆಸ್ಪತ್ರೆಯವರು ನೋಡುವುದು ತಿಂಗಳಿಗೊಮ್ಮೆ. ಉಳಿದ ದಿನಗಳ ಗುರು ಯಾರು? ನೀವೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪೋರ್ಟೇಜ್ ಎಂಬ ಊರಿದೆ. ಸುತ್ತ ಹಳ್ಳಿಗಾಡು, ದೂರದೂರದ ಮನೆಗಳು. ಅಲ್ಲಿ 1969ರಲ್ಲಿ ಒಂದು ಯೋಜನೆ ಆರಂಭವಾಯಿತು. ಮಕ್ಕಳನ್ನು ಕೇಂದ್ರಕ್ಕೆ ಕರೆಸುವ ಬದಲು ವಾರಕ್ಕೊಮ್ಮೆ ಶಿಕ್ಷಕರೇ ಮನೆಗೆ ಹೋಗಿ ತಾಯಿತಂದೆಗೆ ಕಲಿಸುವುದು. ಒಂದು ಕೆಲಸವನ್ನು ಚಿಕ್ಕ ಚಿಕ್ಕ ಮೆಟ್ಟಿಲಾಗಿ ಒಡೆದು, ಆ ವಾರ ಒಂದೆರಡು ಮೆಟ್ಟಿಲು ಮಾತ್ರ. ಈ ಪದ್ಧತಿ ಅನೇಕ ದೇಶಗಳಿಗೆ ಹರಡಿತು, ನಮ್ಮ ದೇಶಕ್ಕೂ ಬಂತು.

ಉದಾಹರಣೆಗೆ ರೊಟ್ಟಿ ತಿನ್ನುವುದು. ಹಾಲಿನಲ್ಲಿ ಮೆತ್ತಗಾದ ರೊಟ್ಟಿಯ ಚೂರನ್ನು ಕೂಸಿನ ಕೈಗಿಟ್ಟು, ಆ ಕೈಯನ್ನು ನೀವೇ ಹಿಡಿದು ಬಾಯಿಯ ಹತ್ತಿರ ತನ್ನಿ. ಕೊನೆಯ ನಾಲ್ಕು ಬೆರಳಷ್ಟು ದೂರ ಅದೇ ಒಯ್ಯಲಿ. ಅದು ಬಂದ ಮೇಲೆ ಇನ್ನಷ್ಟು ಮೊದಲೇ ಕೈ ಬಿಡಿ. ನೀರು ಕೊಡುವಾಗ ಲೋಟ ತೋರಿಸಿ 'ನೀರು' ಎನ್ನಿ, ಸ್ವಲ್ಪ ಹೊತ್ತು ತಡೆಯಿರಿ. ಕೂಸು ಕಣ್ಣೆತ್ತಿದರೂ ಸರಿ, ಕೈ ಚಾಚಿದರೂ ಸರಿ, ಅದೂ ಒಂದು ಮಾತೇ. ನಕ್ಕು ಕೊಡಿ. ಬೈದು ಹೊಡೆದು ಕಲಿಸಿದರೆ ಕೂಸು ಕಲಿಯುವುದು ಭಯವನ್ನು.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಹೀಗಾಗಿ ಕೂಸು ಗೊಂದಲಪಟ್ಟು ಮಾತು ನಿಂತಿತೆಂದು ಹೇಳುವವರಿದ್ದಾರೆ. ಎರಡು ನುಡಿ ಕೇಳುವುದರಿಂದ ಈ ತೊಂದರೆ ಬರುವುದಿಲ್ಲವೆಂದು ತಜ್ಞರು ಹೇಳುತ್ತಾರೆ. ನಿಮ್ಮ ಬಾಯಿಗೆ ಸಲೀಸಾಗಿ ಬರುವ ನುಡಿಯಲ್ಲೇ ಧಾರಾಳವಾಗಿ ಮಾತಾಡಿಸಿ.

ನಮ್ಮ ಆಲೂರು, ಆದೋನಿ ಕಡೆಯಿಂದ ಎಷ್ಟೋ ಸಂಸಾರಗಳು ಗುಂಟೂರಿನ ಕಡೆಗೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುತ್ತವೆ. ಕೂಸನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದಾದರೆ ಆ ಮೆಟ್ಟಿಲುಗಳನ್ನು ಅಜ್ಜಿಗೂ ಕೈಯಾರೆ ಮಾಡಿ ತೋರಿಸಿ. ಕರೆದೊಯ್ಯುವುದಾದರೆ ಆಸ್ಪತ್ರೆಯ ಕಾಗದಗಳೂ ಗಂಟಿನಲ್ಲಿರಲಿ.

1928ರಲ್ಲಿ ಮಣಿಪಾಲದ ಟಿ.ಎಂ.ಎ. ಪೈಯವರ ಬ್ಯಾಂಕು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಾಗಿತ್ತು. ಎರಡಾಣೆ ಕಟ್ಟಿದ ದಿನ ಯಾರೂ ಸಾಹುಕಾರನಾಗಲಿಲ್ಲ. ಆದರೆ ದಿನ ತಪ್ಪಿಸದವನ ಪಾಸುಬುಕ್ಕು ಬೆಳೆಯಿತು. ನಿಮ್ಮ ದಿನದ ಕಾಲು ಗಂಟೆಯೂ ಅಂಥದೇ. ಕೆಲವು ಮಕ್ಕಳು ಓರಗೆಯವರನ್ನು ಕೂಡಿಕೊಳ್ಳುತ್ತಾರೆ, ಕೆಲವರು ಕೂಡಿಕೊಳ್ಳುವುದಿಲ್ಲ. ಆದರೆ ತಾನೇ ಉಣ್ಣುವ, ಬೇಕು ಬೇಡ ತಿಳಿಸಬಲ್ಲ ಮಗುವಿನ ಬಾಳು ಬೇರೆಯೇ. ಒಂದು ನೋಟುಬುಕ್ಕಿನಲ್ಲಿ ತಿಂಗಳಿಗೊಮ್ಮೆ ಕೂಸು ಹೊಸದಾಗಿ ಕಲಿತದ್ದನ್ನು ಬರೆದಿಡಿ, ಬರೆಯಲು ಬಾರದಿದ್ದರೆ ಓದುವ ಹುಡುಗರಿಂದ ಬರೆಸಿ. ಪಕ್ಕದ ಮನೆಯ ಲೆಕ್ಕ ನಿಮ್ಮ ಪುಸ್ತಕಕ್ಕೆ ಬೇಡ. ಹೋದ ವರ್ಷದ ನಿಮ್ಮ ಕೂಸಿನೊಡನೆ ಈ ವರ್ಷದ ನಿಮ್ಮ ಕೂಸನ್ನು ಹೋಲಿಸಿ ನೋಡಿ, ಅಷ್ಟು ಸಾಕು.