ನೀರು ಬಂದ ಊರು, ನೀರು ಹತ್ತದ ಊರು

(ಚುಂಚನಕಟ್ಟೆಯಲ್ಲಿ ಶರಣ ಬಂಧುಗಳ ಮುಂದೆ ಆಡಿದ ಮಾತುಗಳ ಬರಹರೂಪ)

 

‘ಸಮಾಜ ಪರಿವರ್ತನೆ’ ಕುರಿತು ಮಾತನಾಡಬೇಕೆಂದು ಅಪ್ಪಣೆಯಾಗಿದೆ. ಈ ಪದವನ್ನು ನಾವು ಎಷ್ಟು ಬಳಸಿದ್ದೇವೆಂದರೆ ಅದೂ ಸಭೆಯ ಹಾರ-ತುರಾಯಿಯಂತೆ ಆಗಿಹೋಗಿದೆ. ಆದ್ದರಿಂದ ವೇದಿಕೆ ಬಿಟ್ಟು ಹಳ್ಳಿಗೆ ಹೋಗೋಣ.

ಇಲ್ಲಿ ಧುಮುಕುವ ಕಾವೇರಿ ಮುಂದೆ ಕನ್ನಂಬಾಡಿಯಲ್ಲಿ ನಿಂತು, ಅಲ್ಲಿಂದ ವಿಶ್ವೇಶ್ವರಯ್ಯ ನಾಲೆಯಲ್ಲಿ ಮಂಡ್ಯ ಸೀಮೆಗೆ ಹೋಗುತ್ತಾಳೆ. ಆ ನೀರಿನ ಹಿಂದೆಯೇ 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಿಗೆ ಬಂದರು. ಊರುಗಳ ನಿಜ ಹೆಸರು ಮರೆಸಿ ವಂಗಲ, ದಲೇನ ಎಂದು ಕರೆದರು. ವಂಗಲಕ್ಕೆ ನಾಲೆ ನೀರು ಬಂದಿತ್ತು, ಕಬ್ಬು ಬಂದಿತ್ತು, ಕೈಯಲ್ಲಿ ಕಾಸು ಆಡುತ್ತಿತ್ತು. ದಲೇನ ಎತ್ತರದಲ್ಲಿತ್ತು, ಅದರ ಹೊಲಗಳಿಗೆ ನೀರು ಹತ್ತಲಿಲ್ಲ. ಯಾವ ಊರು ಬದಲಾಗಿರಬೇಕು, ಹೇಳಿ? ನೀರು ಬಂದದ್ದು ಎನ್ನುತ್ತೀರಿ. ಕಾಸು ಬಂದರೆ ಬುದ್ಧಿ ಬರುತ್ತದೆ ಎಂದು ನಾವೆಲ್ಲ ನಂಬಿದ್ದೇವಲ್ಲ!

ಅವರು ಕಂಡದ್ದು ಬೇರೆ. ವಂಗಲದಲ್ಲಿ ಬೆಳೆ ಬದಲಾಯಿತು, ಆದರೆ ಬದುಕು ಬೇಸಾಯದ್ದೇ ಆಗಿ ಉಳಿಯಿತು. ಆಳುಗಳ ಅಗತ್ಯ ಹೆಚ್ಚಾದ್ದರಿಂದ ಒಕ್ಕಲಿಗ ಮನೆತನಗಳಿಗೂ ತಲೆಮಾರುಗಳಿಂದ ದುಡಿಯುತ್ತಿದ್ದ ‘ಹಳೇಮಕ್ಕಳು’ ಕುಟುಂಬಗಳಿಗೂ ಇದ್ದ ಕಟ್ಟು ಸಡಿಲವಾಗಲಿಲ್ಲ. ದಲೇನದವರು ಹೊಟ್ಟೆಪಾಡಿಗೆ ಊರಾಚೆ ಕಾಲಿಟ್ಟರು. ಮಂಡ್ಯದಲ್ಲಿ ಕೆಲಸ ಹಿಡಿದರು, ಗಾಡಿ ಹೂಡಿದರು, ಸುತ್ತಲ ನೀರಾವರಿ ಊರುಗಳೊಂದಿಗೆ ವ್ಯಾಪಾರ ಮಾಡಿದರು. ಯಾರಿಗೆ ಯಾರು ಬೇಕು ಎಂಬುದೇ ಬದಲಾಯಿತು. ಹಳೆಯ ಕಟ್ಟು ಸಡಿಲಿದ್ದು ಅಲ್ಲಿ.

ಅದೇ ವಂಗಲದ ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅಲ್ಲಿನ ದಲಿತರು ನಾಟಕ ಆಡಲು ಹೊರಟರು. ನಾಟಕದಲ್ಲಿ ರಾಜ, ರಾಜನಿಗೆ ಸಿಂಹಾಸನ. ದಲಿತ ಮೇಲೆ ಕೂತು ಊರಿನ ಹಿರಿಯರು ನೆಲದ ಮೇಲೆ ಕೂರುವುದೇ ಎಂದು ಜಗಳವಾಯಿತು. ಬಣ್ಣ ಹಚ್ಚಿದ ಗದ್ದುಗೆ, ಒಂದು ರಾತ್ರಿಯ ಆಟ! ಅಷ್ಟಕ್ಕೂ ಸಹನೆ ಇರಲಿಲ್ಲ. ಗದ್ದುಗೆಯ ಮಾತು ಮಠದ ಭಕ್ತರಾದ ನಮಗೆ ಬೇಗ ಅರ್ಥವಾದೀತು.

ಇನ್ನೊಬ್ಬರು ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್. 1948ರಲ್ಲಿ ‘ರಾಂಪುರ’ ಎಂದು ಹೆಸರಿಟ್ಟು ಈ ಜಿಲ್ಲೆಯ ಹಳ್ಳಿಯೊಂದನ್ನು ಅಭ್ಯಾಸ ಮಾಡಿದವರು. ಅವರ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕವು. ಬಹುಪಾಲು ನೆನಪಿನ ಬಲದಿಂದಲೇ ಅವರು ಬರೆದ ಪುಸ್ತಕ 1976ರಲ್ಲಿ ಬಂತು. ಅದಿರಲಿ. ಕೆಳಗಿನ ಜಾತಿ ಮೇಲಿನವರ ಆಚಾರ ಅನುಸರಿಸಿ, ಒಂದೆರಡು ತಲೆಮಾರಿನಲ್ಲಿ ತಾನೂ ಮೇಲೆ ಎಂದುಕೊಳ್ಳುವುದಕ್ಕೆ ಅವರು ‘ಸಂಸ್ಕೃತೀಕರಣ’ ಎಂದು ಹೆಸರಿಟ್ಟರು. ಕೊಡಗಿನ ಬಗ್ಗೆ 1952ರಲ್ಲಿ ಬಂದ ಪುಸ್ತಕದಲ್ಲಿ, ಕನ್ನಡ ನಾಡಿನ ಕೆಳಜಾತಿಗಳ ನಡುವೆ ಇದನ್ನು ಹರಡಿದ ಬಲವಾದ ಶಕ್ತಿಗಳಲ್ಲಿ ಲಿಂಗಾಯತರೂ ಒಬ್ಬರು ಎಂದರು.

ಈ ಮಾತು ನನಗೆ ಹಿತವಾಗಲಿಲ್ಲ, ತಮಗೂ ಆಗಲಾರದು. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದದ್ದು ಯಾರನ್ನೂ ಒಂದು ಮೆಟ್ಟಿಲು ಮೇಲೆ ಹತ್ತಿಸಲು ಅಲ್ಲ, ಏಣಿಯನ್ನೇ ಕೆಡವಲು. ಅದಕ್ಕೇ ಅಷ್ಟು ರಕ್ತ ಹರಿಯಿತು. ಆದರೂ ಶ್ರೀನಿವಾಸ್ ಅವರ ಮೇಲೆ ಕೋಪಿಸಿಕೊಳ್ಳುವ ಮುಂಚೆ ಕೇಳಿಕೊಳ್ಳಬೇಕು: ಮಾಂಸ ಬಿಡಿ, ಹೆಂಡ ಬಿಡಿ, ವಿಭೂತಿ ಧರಿಸಿ ಎಂದು ನಾವು ಹೋದೆಡೆಯೆಲ್ಲ ಹೇಳಿದೆವು. ಹಾಗೆ ಬಿಟ್ಟು ಬಂದವರ ಮನೆಗೆ ಬೀಗತನಕ್ಕೆ ಹೋದೆವೇ?

ಇಲ್ಲಿನ ದನಗಳ ಜಾತ್ರೆಯನ್ನೇ ನೋಡಿ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಜೋಡಿಗೆ ಬೆಲೆ ಕಟ್ಟುತ್ತಾರೆ. ಮುಖಪರಿಚಯವಿಲ್ಲದವರ ನಡುವೆ ಬಾಯಿ ಬಿಡದೆ ಒಪ್ಪಂದವಾಗುತ್ತದೆ. ಆ ಕೈ ಯಾವ ಕುಲದ್ದಾದರೂ ಬೆಲೆ ಬೆಲೆಯೇ. ವ್ಯವಹಾರದಲ್ಲಿ ನಾವು ಸಲೀಸು. ಮಠಗಳ ದಾಸೋಹದಿಂದ ಪಂಕ್ತಿಯಲ್ಲೂ ಬಹುಮಟ್ಟಿಗೆ ದಾಟಿದ್ದೇವೆ. ಇದು ಸಣ್ಣ ಮಾತಲ್ಲ. ಅನ್ನ ಒಟ್ಟಿಗೆ ಉಣ್ಣುವುದನ್ನು ಕಲಿಸಿದ್ದು ಭಾಷಣವಲ್ಲ, ದಿನವೂ ಹಾಸಿದ ಎಲೆ. ನಾವು ಸಿಕ್ಕಿಕೊಂಡಿರುವುದು ಮೂರನೆಯ ಹೊಸಿಲಲ್ಲಿ, ಮದುವೆಯಲ್ಲಿ. ಅಲ್ಲಿ ಬೇರೆ ಜಾತಿಯ ಮಾತು ದೂರ ಉಳಿಯಿತು, ಕೊರಳಲ್ಲಿ ಲಿಂಗವಿದ್ದವರೇ ಲಿಂಗವಿದ್ದವರನ್ನು ‘ನೀವು ಯಾವ ಪೈಕಿ?’ ಎಂದು ಕೇಳುತ್ತೇವೆ.

ವಧು-ವರರ ಸಮಾವೇಶವೊಂದರ ಅರ್ಜಿ ನನ್ನ ಕೈಗೆ ಬಂದಿತ್ತು. ಹೆಸರು, ಓದು, ಕೆಲಸ, ಆಮೇಲೆ ‘ಒಳಪಂಗಡ’. ಅದರ ಪಕ್ಕದಲ್ಲಿ ಬಸವಣ್ಣನವರ ಚಿತ್ರ. ಆ ಸಾಲು ಇರುವವರೆಗೆ ಹುಡುಗ ಹುಡುಗಿ ಭೇಟಿಯಾಗುವ ಮುಂಚೆಯೇ ಅವರನ್ನು ಬೇರೆ ಬೇರೆ ಕಟ್ಟು ಕಟ್ಟಿ ಇಡುತ್ತೇವೆ. ವಂಗಲದ ಹಾಗೆ, ಬೆಳೆ ಹೊಸದು, ಕಟ್ಟು ಹಳೆಯದು.

ಈ ಸೀಮೆಯಲ್ಲಿ ಮುಂದಿನ ಸಮಾವೇಶಕ್ಕೆ ಅರ್ಜಿ ಅಚ್ಚು ಹಾಕಿಸುವವರು ಈ ಸಭೆಯಲ್ಲೇ ಕೂತಿದ್ದೀರಿ. ಆ ಸಾಲನ್ನು ಈ ಸಲ ಬಿಟ್ಟುಬಿಡಿ. ತಂದೆತಾಯಿಗಳು ಫೋನ್ ಮಾಡಿ ಕೇಳಿಯೇ ಕೇಳುತ್ತಾರೆ, ಗೊತ್ತು. ಕೇಳಲಿ. ಮಠದ ಹೆಸರಿನ ಕಾಗದದ ಮೇಲೆ ಆ ಪ್ರಶ್ನೆ ಇರುವುದು ಬೇಡ.