ನಡಾವಳಿಯಲ್ಲಿ ಹೆಸರಿಲ್ಲದವರ ಸಿನೆಮಾ ಹಬ್ಬ

(ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ವಾರವಾರದ ಸಭೆಯಲ್ಲಿ ನಾವು ನಡಾವಳಿ ಪುಸ್ತಕ ಬರೆಯುತ್ತೇವೆ. ಯಾರು ಬಂದರು, ಯಾರು ಎಷ್ಟು ಕಟ್ಟಿದರು, ಏನು ತೀರ್ಮಾನವಾಯಿತು, ಎಲ್ಲವೂ ಅದರಲ್ಲಿರಬೇಕು. ಬರೆಯದೆ ಬಿಟ್ಟರೆ 'ಹಾಗೆ ಆಗಲೇ ಇಲ್ಲ' ಎನ್ನುವವರು ನಾಳೆ ಹುಟ್ಟಿಕೊಳ್ಳುತ್ತಾರೆ. ಸೊಸೆ ಸುಟ್ಟು ಸತ್ತಾಗ ಕಾಗದದಲ್ಲಿ 'ಸ್ಟೌ ಸಿಡಿಯಿತು' ಎಂದಷ್ಟೇ ಉಳಿಯುವುದನ್ನು ನಾವು ಎಷ್ಟು ಸಲ ನೋಡಿಲ್ಲ?

ಹೀಗೆ ಪುಸ್ತಕದಿಂದ ಹೊರಗುಳಿದ ಇನ್ನೂ ಕೆಲವರಿದ್ದಾರೆ. ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡಸನ್ನು ಪ್ರೀತಿಸುವ ಗಂಡಸು, ಗಂಡೆಂದು ಹುಟ್ಟಿ ಹೆಣ್ಣಾಗಿ ಬಾಳುವವರು. ಲೈಂಗಿಕ ಅಲ್ಪಸಂಖ್ಯಾತರು ಎನ್ನುತ್ತೇವಲ್ಲ, ಅವರು. ಮನೆಯ ಆಲ್ಬಮ್ಮಿನಲ್ಲಿ ಅವರ ಜೋಡಿ ಫೋಟೋ ಇರುವುದಿಲ್ಲ. ಪತ್ರಗಳಿದ್ದರೆ ಅವರೇ ಹೆದರಿ ಹರಿದುಹಾಕುತ್ತಾರೆ, ಇಲ್ಲವೇ ಮನೆಯವರು ಸುಡುತ್ತಾರೆ. ತಮ್ಮ ಚರಿತ್ರೆಯನ್ನು ತಾವೇ ಕಾಯಲು ಅವರು ಕಂಡುಕೊಂಡ ದಾರಿಗಳಲ್ಲಿ ಒಂದು ಸಿನೆಮಾ ಹಬ್ಬ.

1977ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕೆಲವರು ಸೂಪರ್ 8 ಎಂಬ ಪುಟ್ಟ ಕ್ಯಾಮೆರಾದಲ್ಲಿ ತಾವೇ ತೆಗೆದ ಚಿತ್ರಗಳನ್ನು ಗೋಡೆಗೆ ಬೆಡ್‌ಶೀಟ್ ಕಟ್ಟಿ ತೋರಿಸಿದರು. ಫ್ರೇಮ್‌ಲೈನ್ ಹಬ್ಬ ಶುರುವಾದದ್ದು ಹಾಗೆ. ಇಂಥ ಹಬ್ಬಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದು ಅದೇ. 1992ರಲ್ಲಿ ಬಾರ್ಬರಾ ಹ್ಯಾಮರ್ ಎಂಬ ನಿರ್ದೇಶಕಿ, ಅಳಿಸಿಹೋದ ಇಂಥ ಬದುಕುಗಳನ್ನು ಹುಡುಕುತ್ತ 'ನೈಟ್ರೇಟ್ ಕಿಸಸ್' ಚಿತ್ರ ಮಾಡಿದರು.

ತೋರಿಸಿದರಷ್ಟೇ ಸಾಲದು, ರೀಲು ಕೆಡುತ್ತದೆ. ಬಿಲ್ ಶೆರ್ವುಡ್ ಎಂಬಾತ 1986ರಲ್ಲಿ 'ಪಾರ್ಟಿಂಗ್ ಗ್ಲಾನ್ಸಸ್' ಚಿತ್ರ ಮಾಡಿ, 1990ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಲಾಸ್ ಏಂಜಲೀಸಿನ ಔಟ್‌ಫೆಸ್ಟ್ ಹಬ್ಬದವರು 2005ರಲ್ಲಿ ಒಂದು ವಿಶ್ವವಿದ್ಯಾಲಯದ ಚಿತ್ರಭಂಡಾರದ ಜೊತೆ ಸೇರಿ ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ ಹಿಡಿದಾಗ, ಮೊದಲು ಸರಿಪಡಿಸಿದ್ದು ಆ ಚಿತ್ರವನ್ನೇ.

ಈಗ ನಮ್ಮ ದೇಶದ ಮಾತು. ದೀಪಾ ಮೆಹ್ತಾ ಅವರ 'ಫೈರ್' 1996ರ ಚಿತ್ರ. ಒಂದೇ ಮನೆಯ ಇಬ್ಬರು ಓರಗಿತ್ತಿಯರ ಕಥೆ. ಶಬಾನಾ ಆಜ್ಮಿ, ನಂದಿತಾ ದಾಸ್ ನಟಿಸಿದ್ದಾರೆ. ಗಂಡಂದಿರಿಗೆ ಬೇಡವಾದ ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಕೊನೆಗೆ ಅಡುಗೆಮನೆಯಲ್ಲಿ ಹಿರಿಯ ಸೊಸೆಯ ಸೀರೆಗೆ ಬೆಂಕಿ ಹತ್ತುತ್ತದೆ. ಗಂಡ ತನ್ನ ತಾಯಿಯನ್ನು ಎತ್ತಿಕೊಂಡು ಹೊರಟುಹೋಗುತ್ತಾನೆ. ಉರಿಯುವ ಹೆಂಡತಿ ಅಲ್ಲೇ. ಈ ಬೆಂಕಿ ನಮಗೆ ಹೊಸದೇ?

1998ರ ಡಿಸೆಂಬರಿನಲ್ಲಿ ಮುಂಬಯಿ, ದೆಹಲಿಗಳಲ್ಲಿ ಈ ಚಿತ್ರ ನಡೆಯುತ್ತಿದ್ದ ಟಾಕೀಸುಗಳ ಮೇಲೆ ದಾಳಿಯಾಯಿತು. ಇದು ನಮ್ಮ ಸಂಸ್ಕೃತಿಯಲ್ಲ ಎಂದರು. ಆಗ ದೆಹಲಿಯ ರೀಗಲ್ ಟಾಕೀಸಿನ ಮುಂದೆ ಮಹಿಳಾ ಸಂಘಟನೆಗಳು ಮೇಣದಬತ್ತಿ ಹಿಡಿದು ನಿಂತವು. ಹೆಣ್ಣನ್ನು ಪ್ರೀತಿಸುವ ನಾನೂ ಭಾರತೀಯಳೇ ಎಂದು ಸಾರುವ ಫಲಕವೂ ಅಲ್ಲಿತ್ತು.

ಮುಂಬಯಿಯಲ್ಲಿ 2010ರಿಂದ 'ಕಶಿಶ್' ಹಬ್ಬ ನಡೆದುಬಂದಿದೆ. ಬೆಂಗಳೂರಿನಲ್ಲೂ ಇಂಥ ಹಬ್ಬ ನಡೆದಿದೆ. ಸಲಿಂಗ ಪ್ರೀತಿ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಕೋರ್ಟು ಹೇಳುವ ಮೊದಲೇ ಈ ಹಬ್ಬಗಳು ಇದ್ದವು.

ಇದರಿಂದ ನಮಗೇನು ಎಂದು ಕೇಳಬಹುದು. 'ಮದುವೆ ಮಾಡಿದರೆ ಸರಿಹೋಗುತ್ತಾಳೆ' ಎಂದು ಹುಡುಗಿಯನ್ನು ಹೊಡೆದು ಹಸೆಗೆ ಕೂರಿಸುವುದು ನಮ್ಮ ಮನೆಗಳಲ್ಲೇ. ಗಂಡಸರನ್ನು ಪ್ರೀತಿಸುವ ಮಗನಿಗೂ ವರದಕ್ಷಿಣೆ ಎಣಿಸಿಕೊಂಡು ಹೆಣ್ಣು ತರುತ್ತಾರೆ. ಬಂದ ಸೊಸೆಗೆ 'ಗಂಡನನ್ನು ಒಲಿಸಿಕೊಳ್ಳಲು ಬಾರದವಳು' ಎಂಬ ಬೈಗುಳ. ಒಂದು ಸುಳ್ಳಿನಲ್ಲಿ ಇಬ್ಬರ ಬಾಳು ಹಾಳು. ನೆನಪಿಡಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ತವರುಮನೆಗೂ ಅನ್ವಯಿಸುತ್ತದೆ. ಅದರಡಿ ದೂರು ಬರೆಯುವ ನಮೂನೆಯಲ್ಲಿ, ಒಲ್ಲದ ಮದುವೆಗೆ ಒತ್ತಾಯಿಸುವುದೂ ದೌರ್ಜನ್ಯವೆಂದೇ ಇದೆ. ರಕ್ಷಣಾಧಿಕಾರಿಗೆ ದೂರು ಕೊಡಬಹುದು.

ಇಂಥ ಸಿನೆಮಾ ಒಂದನ್ನು ಸಂಘದಲ್ಲಿ ಕೂತು ನೋಡೋಣ, ಮಾತಾಡೋಣ. ಆಮೇಲೆ ಯಾವಳಾದರೂ ಹತ್ತಿರ ಬಂದು ತನ್ನ ಕಥೆ ಹೇಳಿದರೆ, ಪೂರ್ತಿ ಕೇಳಿ. ಬರೆದಿಡಲೇ ಎಂದು ಅವಳನ್ನೇ ಕೇಳಿ. ಬೇಡವೆಂದರೆ ನಿಮ್ಮ ಬಾಯಿಂದ ಅದು ಹೊರಗೆ ಬೀಳಬಾರದು. ಆಗಲಿ ಎಂದರೆ ಅವಳು ಹೇಳಿದಂತೆಯೇ ಬರೆಯಿರಿ.